ಫಲಿತಾಂಶದ ಮರುದಿನ

ಬೆಳಗಾವಿಯಿಂದ ವೆಂಗುರ್ಲಾ ರಸ್ತೆ ಹಿಡಿದರೆ ಊರು ಮುಗಿಯಿತು ಅನ್ನುವಷ್ಟರಲ್ಲಿ ಹಿಂಡಲಗಾ ಬರುತ್ತದೆ. ಹೊರಗಿನವರಿಗೆ ಈ ಹೆಸರಿನೊಂದಿಗೆ ನೆನಪಾಗುವುದು 1923ರಲ್ಲಿ ಕಟ್ಟಿದ ಕೇಂದ್ರ ಕಾರಾಗೃಹ. ಇಲ್ಲಿಯವರಿಗೆ ಹಿಂಡಲಗಾ ಅಂದರೆ ಗಣಪತಿ ಗುಡಿ, ಸುಳಗಾ ಉಚಗಾವಿ ಕಡೆಯಿಂದ ಬರುವ ತುಂಬಿದ ಬಸ್ಸು, ಬೆನ್ನಿಗೆ ಬ್ಯಾಗು ಹಾಕಿಕೊಂಡು ನಗರದ ಶಾಲೆ ಕಾಲೇಜಿಗೆ ಹೊರಟ ಮಕ್ಕಳ ಸಾಲು. ಈ ಮಕ್ಕಳಲ್ಲಿ ಎಷ್ಟೋ ಮಂದಿಗೆ ಮನೆಯ ಮಾತು ಮರಾಠಿ, ಬೀದಿಯ ಮಾತು ಕನ್ನಡ, ಪರೀಕ್ಷೆಯ ಮಾತು ಇಂಗ್ಲಿಷು.

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನ ಬೆಳಗಾವಿಯಲ್ಲಿ ಕುಂದಾ ಹಂಚುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಮಗಳ ಬಾಯಿಗೆ ಸಿಹಿ ತಿನ್ನಿಸುವ ತಾಯಿಯ ಫೋಟೊ ಬರುತ್ತದೆ. ನಾನು ಓದುತ್ತಿದ್ದ ಕಾಲದಲ್ಲಿ ಪತ್ರಿಕೆಯಲ್ಲಿ ಬರುತ್ತಿದ್ದುದು ಬರೀ ನಂಬರುಗಳು. ನಮ್ಮ ನಂಬರಿನ ಹಿಂದಿನದೂ ಮುಂದಿನದೂ ಇದ್ದು ನಮ್ಮದಿಲ್ಲದಿದ್ದರೆ ನಪಾಸು. ನಮ್ಮ ಓಣಿಯ ಹುಡುಗನೊಬ್ಬ ಅಂಥ ದಿನ ಸಂಜೆಯ ತನಕ ಮನೆಗೆ ಬರಲಿಲ್ಲ. ಹುಡುಕಲು ಹೋದವರು ಕೆರೆಯ ದಂಡೆಯಿಂದ ಕರೆತಂದರು. ಆತನ ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ, ಆದರೆ ಏನು ಮಾತಾಡಬೇಕೆಂದು ತಿಳಿಯದೆ ಮೂರು ದಿನ ಮಾತೇ ಆಡಲಿಲ್ಲ. ಆ ಮೌನವೇ ಹುಡುಗನಿಗೆ ಹೆಚ್ಚು ಭಾರವಾಯಿತು ಎಂದು ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು. ಫಲಿತಾಂಶದ ಮರುದಿನ ಇಂಥ ಮಗುವಿನ ಹತ್ತಿರ ಯಾರು ಕೂರಬೇಕು, ಏನು ಹೇಳಬೇಕು ಎಂಬುದನ್ನು ನಮ್ಮ ನಾಡು ಕಲಿತುಕೊಂಡು ಬಂದ ದಾರಿಯನ್ನು ಇಲ್ಲಿ ಹಿಡಿಯಲು ನೋಡುತ್ತೇನೆ.

ಆ ದಾರಿ ಶಾಲೆಯಿಂದ ಶುರುವಾಗಲಿಲ್ಲ, ಗೋಡೆಯಿಂದ ಶುರುವಾಯಿತು. ಮುಂಬೈ ಆಡಳಿತದ ಕಾಲದಲ್ಲಿ, 1845ರಲ್ಲಿ, ಧಾರವಾಡದಲ್ಲಿ ಹುಚ್ಚಾಸ್ಪತ್ರೆ ಆರಂಭವಾಯಿತು. ಬೆಂಗಳೂರಿನದು ಅದರ ಹಿಂದೆಯೇ, 1847ರಲ್ಲಿ. 1912ರ ಕಾಯ್ದೆಯ ಪ್ರಕಾರ ಮನಸ್ಸಿನ ಕಾಯಿಲೆಯವರನ್ನು ಒಳಗೆ ಸೇರಿಸಲು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತಿತ್ತು. ಕಾಯಿಲೆಗೂ ಅಪರಾಧಕ್ಕೂ ಒಂದೇ ಬಗೆಯ ಬಾಗಿಲು. ಬೆಳಗಾವಿ ಸೀಮೆಯಲ್ಲಿ ಇವತ್ತಿಗೂ ಯಾರಾದರೂ ವಿಚಿತ್ರವಾಗಿ ಮಾತಾಡಿದರೆ 'ಇವನ್ನ ಧಾರವಾಡಕ್ಕ ಕಳಸ್ರಿ' ಅನ್ನುವುದುಂಟು. ಆ ಸಂಸ್ಥೆ ಈಗ ಡಿಮ್ಹಾನ್ಸ್ ಆಗಿ ಬೆಳೆದು, ಕಲಿಸುವ, ಚಿಕಿತ್ಸೆ ಕೊಡುವ ದೊಡ್ಡ ಕೇಂದ್ರವಾಗಿದೆ. ಹಳೆಯ ಗಾದೆಮಾತು ಮಾತ್ರ ಸವೆದಿಲ್ಲ. 'ನನಗ ತಲಿ ಸರಿ ಇಲ್ಲ ಅನಸತೈತಿ' ಎಂದು ಹೇಳಬೇಕಾದ ಹುಡುಗಿ 'ಹೊಟ್ಟಿ ನೋಯತೈತಿ' ಎಂದು ಹೇಳುವುದಕ್ಕೆ ಆ ಮಾತೂ ಒಂದು ಕಾರಣ.

ಬೆಂಗಳೂರಿನ ಆಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂದು ಹೆಸರು ಬದಲಿಸಿಕೊಂಡಿತು. 1954ರಲ್ಲಿ ಅದರ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದನ್ನು ಕಟ್ಟಿದವರು. ಎರಡೂ 1974ರಲ್ಲಿ ಸೇರಿ ನಿಮ್ಹಾನ್ಸ್ ಆದವು. ಇಷ್ಟೂ ಕಾಲ ಈ ಕಥೆಯೊಳಗೆ ವಿದ್ಯಾರ್ಥಿ ಇಲ್ಲ.

ವಿದ್ಯಾರ್ಥಿಯನ್ನು ಆಗ ನೋಡಿಕೊಳ್ಳುತ್ತಿದ್ದವರು ಬೇರೆಯೇ ಜನ. ವಾರಾನ್ನದ ಹುಡುಗನಿಗೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಬೆಳಗಾವಿಯ ನಾಗನೂರು ರುದ್ರಾಕ್ಷಿ ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ತಲೆಮಾರುಗಳೇ ಇವೆ. 1916ರಲ್ಲಿ ಏಳು ಮಂದಿ ಮಾಸ್ತರರು ಸೇರಿ ಕೆಎಲ್‌ಇ ಸಂಸ್ಥೆ ಕಟ್ಟಿದ್ದೂ ಇದೇ ಊರಿನಲ್ಲಿ. ಆ ವ್ಯವಸ್ಥೆಯನ್ನು ನಾನು ಹೊಗಳಿ ಬಿಟ್ಟುಬಿಡಲಾರೆ. ಅದರಲ್ಲಿ ಜಾತಿಯ ಗೆರೆ ಇತ್ತು, ಹೆಣ್ಣುಮಕ್ಕಳಿಗೆ ಜಾಗ ಕಡಿಮೆ ಇತ್ತು, ಉಣ್ಣುವವನ ಮನಸ್ಸಿನಲ್ಲಿ ಋಣದ ಮುಜುಗರವೂ ಇತ್ತು. ಆದರೂ ಹುಡುಗ ಒಂದು ದಿನ ಊಟಕ್ಕೆ ಬರದಿದ್ದರೆ 'ಯಾಕ ಬರಲಿಲ್ಲ?' ಎಂದು ಕೇಳುವ ಒಬ್ಬಳು ತಾಯಿ ಆ ಊರಿನಲ್ಲಿ ಇರುತ್ತಿದ್ದಳು. ಇವತ್ತಿನ ಬಾಡಿಗೆ ಕೋಣೆಯ ಹುಡುಗ ಎರಡು ದಿನ ಬಾಗಿಲು ತೆರೆಯದಿದ್ದರೂ ಗೊತ್ತಾಗದೇ ಹೋಗಬಹುದು.

ಮನಸ್ಸನ್ನು ಆಸ್ಪತ್ರೆಯ ಹೊರಗೆ ತಂದು ಮಾತಾಡಲು ಕಲಿಸಿದವರಲ್ಲಿ ಕನ್ನಡದ ಬರಹಗಾರರ ಪಾಲು ದೊಡ್ಡದು. ಇದನ್ನು ಸರಕಾರಿ ವರದಿಗಳು ಲೆಕ್ಕಕ್ಕೆ ಹಿಡಿಯುವುದು ಅಪರೂಪ. ಅದಕ್ಕೆ ಮುನ್ನುಡಿಯಂತೆ, ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತು ಬಂದ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅದರ ಮುಖ್ಯಸ್ಥರು. ಅವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ' ಬಾನುಲಿಯನ್ನೂ ಆರಂಭಿಸಿದರು. ಮನಸ್ಸನ್ನು ಅಳೆಯುವ ವಿದ್ಯೆಯೂ ಮನೆ ಮನೆಗೆ ಮಾತು ಮುಟ್ಟಿಸುವ ಯಂತ್ರವೂ ಒಬ್ಬರೇ ಮೇಷ್ಟ್ರ ಕೈಯಲ್ಲಿ ನಮ್ಮ ನಾಡಿಗೆ ಬಂದವು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಆಮೇಲೆ 'ರಾಶಿ' ಬಂದರು. 'ಕೊರವಂಜಿ' ಪತ್ರಿಕೆ ನಡೆಸಿ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ವೈದ್ಯರು. ಮನೋರೋಗಗಳ ಕುರಿತು ಅವರು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾದಂಬರಿಗೆ, ಕವಿತೆಗೆ ಸಲ್ಲುವ ಗೌರವ ಮನಸ್ಸಿನ ಕಾಯಿಲೆಯ ಪುಸ್ತಕಕ್ಕೆ ಸಂದಿತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಆ ಕೆಲಸವನ್ನು ದಶಕಗಳ ಕಾಲ ಮುಂದುವರಿಸಿದರು. ಅವರ ನೂರಕ್ಕೂ ಹೆಚ್ಚು ಕನ್ನಡ ಪುಸ್ತಕಗಳಲ್ಲಿ ಓದಿನ ಭಯ, ಪರೀಕ್ಷೆಯ ನಡುಕ, ಹರೆಯದ ಗೊಂದಲ ಮತ್ತೆ ಮತ್ತೆ ಬರುತ್ತವೆ. 'ಸಮಾಧಾನ' ಎಂಬ ಉಚಿತ ಸಲಹಾ ಕೇಂದ್ರವನ್ನೂ ನಡೆಸಿದ ಅವರಿಗೆ 2024ರಲ್ಲಿ ಪದ್ಮಶ್ರೀ ಸಂದಿತು. ಹಳ್ಳಿಯ ವಾಚನಾಲಯದಲ್ಲಿ ಕೂತು ವಾರಪತ್ರಿಕೆಯ ಪ್ರಶ್ನೋತ್ತರ ಅಂಕಣ ಓದಿದ ಹುಡುಗನಿಗೆ, ತನಗಾಗುತ್ತಿರುವುದು ಇನ್ನೊಬ್ಬರಿಗೂ ಆಗುತ್ತದೆ ಎಂದು ತಿಳಿಯುವುದೇ ಅರ್ಧ ಔಷಧ. ಈ ಬರಹಗಳ ನಡುವೆಯೇ ಕನ್ನಡಕ್ಕೆ 'ಆಪ್ತಸಮಾಲೋಚನೆ' ಎಂಬ ಮಾತು ಒಗ್ಗಿತು. ಬರೀ ಸಲಹೆ ಅಲ್ಲ, ಆಪ್ತರು ಕೊಡುವ ಸಲಹೆ. ಆ 'ಆಪ್ತ' ಎಂಬ ಎರಡಕ್ಷರದ ವಿಷಯಕ್ಕೆ ಮುಂದೆ ಬರುತ್ತೇನೆ.

ಎಪ್ಪತ್ತರ ದಶಕದ ನಡುವಿಗೆ ನಿಮ್ಹಾನ್ಸ್ ವೈದ್ಯರು ಆಸ್ಪತ್ರೆಯ ಕಾಂಪೌಂಡು ದಾಟಿ ಬೆಂಗಳೂರಿನ ಹೊರಗಿನ ಸಕಲವಾರಕ್ಕೆ ಹೋದರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೂ ಔಷಧ ಕೊಡಬಹುದೇ ಎಂದು ಅಲ್ಲಿ ಪರೀಕ್ಷಿಸಿ ನೋಡಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು, 1985ರಿಂದ ಬಳ್ಳಾರಿ ಜಿಲ್ಲೆ ಇಡೀ ದೇಶಕ್ಕೆ ಮಾದರಿಯಾಯಿತು, ಆ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಕರ್ನಾಟಕ ಅದಕ್ಕೆ ಸೇರಿಸಿದ ಒಂದು ಒಳ್ಳೆಯ ಅಂಶ 2014ರ 'ಮನೋಚೈತನ್ಯ': ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಡು. ನಮ್ಮ ಜಿಲ್ಲೆಯ ಖಾನಾಪುರದಂಥ ಕಾಡುಸೀಮೆಯ ತಾಲ್ಲೂಕಿಗೆ ಇದು ಸಣ್ಣ ಮಾತಲ್ಲ. ಆದರೆ ಮಂಗಳವಾರ ಶಾಲೆಯೂ ಇರುತ್ತದೆ, ಅಪ್ಪ ಅವ್ವನಿಗೆ ಕೂಲಿಯೂ ಇರುತ್ತದೆ.

ಶಾಲೆಯೊಳಗಿನ ಕಥೆ ಇದಕ್ಕೆ ಸಮಾಂತರವಾಗಿ, ಬಹಳ ನಿಧಾನಕ್ಕೆ ನಡೆಯಿತು. 1964ರಿಂದ 66ರ ತನಕ ಕೂತ ಕೊಠಾರಿ ಶಿಕ್ಷಣ ಆಯೋಗ ಹತ್ತು ಪ್ರೌಢಶಾಲೆಗಳಿಗೆ ಒಬ್ಬರಂತೆ ಭೇಟಿ ಕೊಡುವ ಸಮಾಲೋಚಕರಾದರೂ ಇರಲಿ ಎಂದು ಬರೆದಿತ್ತು. ಅರವತ್ತು ವರ್ಷವಾಯಿತು. ನಮ್ಮ ಸರಕಾರಿ ಪ್ರೌಢಶಾಲೆಗಳ ಸಿಬ್ಬಂದಿ ಪಟ್ಟಿಯಲ್ಲಿ ಆ ಹುದ್ದೆಯನ್ನು ಹುಡುಕಿ ನೋಡಬೇಕು. ಆ ಖಾಲಿ ಜಾಗದಲ್ಲಿ ಕೆಲಸ ಮಾಡಿದವರು ಕೆಲವೇ ಮಂದಿ. ನಿಮ್ಹಾನ್ಸ್‌ನ ಮಾಳವಿಕಾ ಕಪೂರ್ ಮಕ್ಕಳ ಮನಸ್ಸನ್ನು ತರಗತಿಯಲ್ಲೇ ಗುರುತಿಸಲು ಶಿಕ್ಷಕರಿಗೆ ಕಲಿಸಿದರು, ಹೆಗ್ಗಡದೇವನಕೋಟೆಯ ಹಳ್ಳಿ ಶಾಲೆಗಳಲ್ಲಿ ಮಕ್ಕಳೊಂದಿಗೆ ಆಟ, ಚಿತ್ರ, ಕಥೆಗಳ ಮೂಲಕ ಕೆಲಸ ಮಾಡಿದರು. ಅದೇ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿದ 'ನಲಿ-ಕಲಿ'ಯನ್ನು ಯಾರೂ ಮಾನಸಿಕ ಆರೋಗ್ಯದ ಯೋಜನೆ ಎಂದು ಕರೆಯುವುದಿಲ್ಲ. ನಾನು ಕರೆಯುತ್ತೇನೆ. ಮಗು ತನ್ನ ವೇಗದಲ್ಲಿ ಕಲಿಯಲಿ, ಮಾಸ್ತರರು ನೆಲದ ಮೇಲೆ ಅದರ ಪಕ್ಕ ಕೂರಲಿ ಎಂದ ಆ ಪದ್ಧತಿ ಒಂದನೇ ತರಗತಿಯ ಭಯವನ್ನೇ ಕಿತ್ತುಹಾಕಲು ಹೊರಟಿತ್ತು. ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ಒಂದೇ ಸಾಲಿನಲ್ಲಿ ನಿಷೇಧಿಸಿದ ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ.

ವಿಶ್ವ ಆರೋಗ್ಯ ಸಂಸ್ಥೆ ತೊಂಬತ್ತರ ದಶಕದಲ್ಲಿ ಹತ್ತು ಜೀವನ ಕೌಶಲಗಳನ್ನು ಪಟ್ಟಿ ಮಾಡಿತು. ನಿಮ್ಹಾನ್ಸ್‌ನ ಶ್ರೀಕಲಾ ಭರತ್, ಕೆ.ವಿ. ಕಿಶೋರ್ ಕುಮಾರ್ ಅವನ್ನು ನಮ್ಮ ಹೈಸ್ಕೂಲು ಮಕ್ಕಳಿಗೆ ಒಗ್ಗುವ ಪಾಠಗಳಾಗಿ ಬರೆದು, ಶಿಕ್ಷಕರ ಕೈಗೆ ಕೊಟ್ಟರು. 2010ರಲ್ಲಿ ಅವರು ಪ್ರಕಟಿಸಿದ ಫಲಿತಾಂಶವನ್ನು ಎಲ್ಲ ಶಿಕ್ಷಣಾಧಿಕಾರಿಗಳೂ ಓದಬೇಕು. ಒಂದು ವರ್ಷ ಈ ಪಾಠ ಕಲಿತ 605 ಮಕ್ಕಳನ್ನು ಕಲಿಯದ 423 ಮಕ್ಕಳೊಂದಿಗೆ ಹೋಲಿಸಿದಾಗ, ಕಲಿತವರಲ್ಲಿ ತಮ್ಮ ಬಗ್ಗೆ ಗೌರವ, ಕಷ್ಟ ಎದುರಿಸುವ ಧೈರ್ಯ, ಶಿಕ್ಷಕರೊಂದಿಗಿನ ಹೊಂದಾಣಿಕೆ ಹೆಚ್ಚಿತ್ತು. ಮನೆಯೊಂದಿಗಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಮಾನಸಿಕ ತೊಂದರೆಗಳ ಪ್ರಮಾಣದಲ್ಲೂ ಕಾಣಲಿಲ್ಲ. ಶಾಲೆ ಏನು ಮಾಡಬಲ್ಲದು, ಎಲ್ಲಿ ಅದರ ಕೈ ನಿಲ್ಲುತ್ತದೆ ಎಂಬುದನ್ನು ಇಷ್ಟು ಪ್ರಾಮಾಣಿಕವಾಗಿ ಹೇಳಿದ ಅಧ್ಯಯನ ನಮ್ಮಲ್ಲಿ ವಿರಳ.

ಆಮೇಲಿನ ಹದಿನೈದು ವರ್ಷಗಳಲ್ಲಿ ಯೋಜನೆಗಳಿಗೆ ಬರವಿಲ್ಲ. 2014ರ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಿಂದ ಹರೆಯದವರ 'ಸ್ನೇಹ ಕ್ಲಿನಿಕ್'ಗಳು ಬಲಗೊಂಡವು. 2020ರ ಫೆಬ್ರವರಿಯಲ್ಲಿ ಆಯುಷ್ಮಾನ್ ಭಾರತದಡಿ ಶಾಲೆಗೆ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳಾಗಬೇಕೆಂದಾಯಿತು. ಮರುತಿಂಗಳೇ ಕೋವಿಡ್ ಬಂದು ಶಾಲೆಗಳೇ ಮುಚ್ಚಿದವು. ಆ ಜುಲೈನಲ್ಲಿ ಕೇಂದ್ರದ 'ಮನೋದರ್ಪಣ' ಸಲಹಾ ಯೋಜನೆ, 2022ರ ಅಕ್ಟೋಬರ್ 10ರಂದು 'ಟೆಲಿ-ಮಾನಸ್' ಸಹಾಯವಾಣಿ ಬಂದವು. ಈ ಕೊನೆಯದರ ಬೇರು ನಿಮ್ಹಾನ್ಸ್‌ನಲ್ಲಿದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ, ದುಡ್ಡಿಲ್ಲದೆ ಕರೆ ಮಾಡಬಹುದು. ಇಪ್ಪತ್ತು ಭಾಷೆಗಳಲ್ಲಿ ಕನ್ನಡ, ಮರಾಠಿ ಎರಡೂ ಇವೆ ಎಂಬುದು ಹಿಂಡಲಗಾದವರಿಗೆ ಮುಖ್ಯ. ಅಳು ಬಂದಾಗ ಯಾರೂ ಪರೀಕ್ಷೆಯ ಭಾಷೆಯಲ್ಲಿ ಅಳುವುದಿಲ್ಲ.

ಕಾನೂನೂ ಬದಲಾಯಿತು. ಜೀವ ಕಳೆದುಕೊಳ್ಳಲು ಹೊರಟವರನ್ನು ಅಪರಾಧಿಗಳಂತೆ ನೋಡುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮಿನ ಹಲ್ಲನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಕಿತ್ತಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಪೊಲೀಸರಿಗೆ ಹೆದರಿ ಆಸ್ಪತ್ರೆಯಲ್ಲಿ ಸುಳ್ಳು ಹೇಳುತ್ತಿದ್ದ ಅಪ್ಪ ಅವ್ವಂದಿರಿಗೆ ಇದರಿಂದ ಎಷ್ಟು ನಿರಾಳವಾಗಿದೆ ಎಂಬುದನ್ನು ತಾಲ್ಲೂಕು ಆಸ್ಪತ್ರೆಯ ನರ್ಸುಗಳನ್ನು ಕೇಳಬೇಕು. ಆದರೂ ಅಂಕಿ ಇಳಿದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಹೀಗೆ ಜೀವ ಕಳೆದುಕೊಂಡ ವಿದ್ಯಾರ್ಥಿಗಳು 13,044. ಅದಕ್ಕೆ ಮೊದಲು, 2015-16ರ ರಾಷ್ಟ್ರೀಯ ಸಮೀಕ್ಷೆ 13ರಿಂದ 17 ವಯಸ್ಸಿನವರಲ್ಲಿ ನೂರಕ್ಕೆ ಏಳಕ್ಕಿಂತ ತುಸು ಹೆಚ್ಚು ಮಂದಿಗೆ ಮಾನಸಿಕ ತೊಂದರೆ ಇದೆ ಎಂದು ಕಂಡುಕೊಂಡಿತ್ತು. ಎಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ಮೂವರು.

ಇಷ್ಟೆಲ್ಲ ಆದ ಮೇಲೆ ಪ್ರಶ್ನೆ ಒಂದೇ ಉಳಿಯುತ್ತದೆ: ಆ ಮೂವರೊಂದಿಗೆ ಮಾತಾಡುವವರು ಯಾರು? ನಮ್ಮ ಹೆಚ್ಚಿನ ಯೋಜನೆಗಳ ಉತ್ತರ 'ಶಿಕ್ಷಕರು'. ಜನಗಣತಿ, ಚುನಾವಣೆ, ಬಿಸಿಯೂಟ, ದಾಖಲಾತಿ ಎಲ್ಲ ಹೊತ್ತ ಹೆಗಲಿಗೇ ಇದನ್ನೂ ಹಾಕಿದ್ದೇವೆ. ಹೊರಗಿನ ಅನುಭವ ಬೇರೆ ಹೇಳುತ್ತದೆ. ಯುರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ, 11,110 ವಿದ್ಯಾರ್ಥಿಗಳೊಂದಿಗೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅಪಾಯದಲ್ಲಿರುವ ಮಕ್ಕಳನ್ನು ಗುರುತಿಸಲು ಶಿಕ್ಷಕರಿಗೆ ತರಬೇತಿ ಕೊಟ್ಟದ್ದರಿಂದ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಮಕ್ಕಳೇ ತಮ್ಮೊಳಗೆ ಚರ್ಚಿಸಿ, ಪಾತ್ರ ಮಾಡಿ ನಟಿಸಿ, ಗೆಳೆಯ ಕುಸಿದಾಗ ಏನು ಮಾಡಬೇಕೆಂದು ಕಲಿತ ಕಡೆ ವರ್ಷದೊಳಗೆ ಆತ್ಮಹತ್ಯೆಯ ಯತ್ನಗಳು ಅರ್ಧಕ್ಕೆ ಇಳಿದವು. ನಮ್ಮದೇ ದೇಶದಲ್ಲಿ, ಖಾನಾಪುರದಿಂದ ಚೋರ್ಲಾ ಘಟ್ಟ ಇಳಿದರೆ ಸಿಗುವ ಗೋವಾದಲ್ಲಿ 1996ರಲ್ಲಿ ಹುಟ್ಟಿದ 'ಸಂಗಾತ್' ಸಂಸ್ಥೆ, ಬಿಹಾರದ ನಳಂದಾ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ಎರಡು ದಾರಿ ಹೋಲಿಸಿ ನೋಡಿತು. ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಶಿಕ್ಷಕರು, ಕೆಲವು ಶಾಲೆಗಳಲ್ಲಿ ಇದಕ್ಕೆಂದೇ ತರಬೇತಿ ಪಡೆದ ಸಮಾಲೋಚಕರು ನಡೆಸಿದರು. ಸಮಾಲೋಚಕರು ನಡೆಸಿದ ಶಾಲೆಗಳ ವಾತಾವರಣ ಬದಲಾಯಿತು, ಮಕ್ಕಳ ಖಿನ್ನತೆ, ಪರಸ್ಪರ ಪೀಡನೆ ತಗ್ಗಿತು. ಶಿಕ್ಷಕರು ನಡೆಸಿದಲ್ಲಿ ಆ ಪರಿಣಾಮ ಕಾಣಲಿಲ್ಲ.

ಶಿಕ್ಷಕರನ್ನು ಇದರಿಂದ ದೂಷಿಸಬಾರದು. ಅಂಕ ಕೊಡುವವರ ಮುಂದೆ, ಹಾಜರಿ ಹಿಡಿಯುವವರ ಮುಂದೆ, ಅಪ್ಪನಿಗೆ ಫೋನು ಮಾಡಬಲ್ಲವರ ಮುಂದೆ ಮಗು ಪೂರ್ತಿ ಬಿಚ್ಚಿಕೊಳ್ಳುವುದು ಕಷ್ಟ. ಆಪ್ತಸಮಾಲೋಚನೆಯಲ್ಲಿ 'ಆಪ್ತ' ಅಂದದ್ದು ಇದಕ್ಕೇ. ಎಲ್ಲ ಮಕ್ಕಳನ್ನೂ ಕೂಡಿಸಿ ಕಣ್ಣು ಮುಚ್ಚಿ ಧ್ಯಾನ ಮಾಡಿಸಿದರೆ ಸಾಕು ಅನ್ನುವವರಿಗೂ ಒಂದು ಮಾತು: ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳೊಂದಿಗೆ ಅದನ್ನು ಮಾಡಿ ನೋಡಿದ ಅಧ್ಯಯನ 2022ರಲ್ಲಿ ಬಂತು, ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭ ಅದರಲ್ಲಿ ಸಿಗಲಿಲ್ಲ.

ನಮ್ಮಲ್ಲಿ ಈ ತಿಳಿವಳಿಕೆಗೆ ಹತ್ತಿರವಾದ ಕೆಲಸ ಒಂದಿದೆ, ಅದು 'ಯುವ ಸ್ಪಂದನ'. ರಾಜ್ಯದ ಯುವ ಸಬಲೀಕರಣ ಇಲಾಖೆ ನಿಮ್ಹಾನ್ಸ್ ಜೊತೆಗೂಡಿ ನಡೆಸುವ ಈ ಯೋಜನೆಯಲ್ಲಿ ತರಬೇತಿ ಪಡೆದ ಸ್ಥಳೀಯ ಹುಡುಗ ಹುಡುಗಿಯರು 'ಯುವ ಪರಿವರ್ತಕ'ರಾಗಿ ತಮ್ಮದೇ ವಯಸ್ಸಿನವರ ಮಾತು ಕೇಳುತ್ತಾರೆ. ಕೇಂದ್ರಗಳು ಸಾಮಾನ್ಯವಾಗಿ ಇರುವುದು ಜಿಲ್ಲಾ ಕ್ರೀಡಾಂಗಣದಲ್ಲಿ. ಇದನ್ನು ಯೋಚಿಸಿದವರಿಗೆ ನಾನು ಕೈ ಮುಗಿಯುತ್ತೇನೆ. ಕ್ರೀಡಾಂಗಣಕ್ಕೆ ಹೊರಟ ಹುಡುಗನನ್ನು ಓಣಿಯಲ್ಲಿ ಯಾರೂ 'ಧಾರವಾಡಕ್ಕ ಹೊಂಟಿಯೇನೋ?' ಎಂದು ಕೇಳುವುದಿಲ್ಲ.

ಭರವಸೆಯ ಮಾತಿಗೆ ಬರಬೇಕು. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಸಿ.ಆರ್. ಸ್ನೈಡರ್ 1991ರಲ್ಲಿ ಭರವಸೆಯನ್ನು ಅಳೆಯುವ ಮಾಪಕವನ್ನು ಪ್ರಕಟಿಸಿದರು. ಅವರು ಭರವಸೆಯನ್ನು ಖುಷಿಯ ಭಾವನೆ ಎಂದು ಕರೆಯಲಿಲ್ಲ. ಗುರಿ ಇರಬೇಕು, ಅದಕ್ಕೆ ಹೋಗುವ ದಾರಿ ಒಂದಕ್ಕಿಂತ ಹೆಚ್ಚು ಕಾಣಬೇಕು, ನಡೆಯಬಲ್ಲೆ ಅನ್ನಿಸಬೇಕು. ನಮ್ಮ ಶಾಲೆಗಳಿಗೆ ಬರುವ ಸ್ಫೂರ್ತಿ ಭಾಷಣಕಾರರು ಮೂರನೆಯದನ್ನೇ ಹಿಡಿದು ಒಂದು ತಾಸು ಮಾತಾಡಿ ಹೋಗುತ್ತಾರೆ. ಎರಡನೆಯದು ಸರಕಾರದ, ಸಮಾಜದ ಕೆಲಸ. ಆ ದೃಷ್ಟಿಯಿಂದ, 2024ರಲ್ಲಿ ಕರ್ನಾಟಕ ತಂದ ಮೂರು ಪರೀಕ್ಷೆಗಳ ಪದ್ಧತಿ ಕಳೆದ ಹತ್ತು ವರ್ಷಗಳಲ್ಲಿ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಸಿಕ್ಕ ಅತಿ ದೊಡ್ಡ ಆಸರೆ ಎಂದು ನನ್ನ ಅಭಿಪ್ರಾಯ. ಪೂರಕ ಪರೀಕ್ಷೆ ಎಂಬ ಹೆಸರು ಹೋಗಿ ಪರೀಕ್ಷೆ-1, 2, 3 ಬಂದವು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಕೂರುವ ಕೊಠಡಿಯಲ್ಲೇ ನಪಾಸಾದವರೂ ಕೂರುತ್ತಾರೆ, ಯಾರ ಹಣೆಯ ಮೇಲೂ ಬರೆದಿರುವುದಿಲ್ಲ. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಇದರಿಂದ ಗುಣಮಟ್ಟ ಕೆಡುತ್ತದೆ, ಶಿಕ್ಷಕರಿಗೆ ಬಿಡುವಿಲ್ಲ ಎಂಬ ದೂರುಗಳಿವೆ. ಎರಡನೆಯ ದೂರು ನಿಜ, ಅದನ್ನು ಬಗೆಹರಿಸಬೇಕು. ಆದರೆ 'ಅಕ್ಟೋಬರ್‌ಗೆ ಕೂತ' ಎಂಬ ಪಟ್ಟ ಹೊತ್ತು ಆರು ತಿಂಗಳು ಮನೆಯಲ್ಲಿ ಅಡಗಿದ ಗೆಳೆಯರನ್ನು ಕಂಡ ನನಗೆ ಮೊದಲನೆಯದು ನಾಟುವುದಿಲ್ಲ.

ಖಾನಾಪುರದಲ್ಲಿ ದಾರಿ ಎಂಬ ಮಾತಿಗೆ ಬೇರೆ ಅರ್ಥವೂ ಉಂಟು. ಭೀಮಗಡ ಅಭಯಾರಣ್ಯದೊಳಗಿನ ಗವಾಳಿ, ಕೃಷ್ಣಾಪುರ, ಆಮಗಾಂವದ ಮಕ್ಕಳಿಗೆ ಮಳೆಗಾಲದಲ್ಲಿ ಹಳ್ಳ ದಾಟುವುದೇ ಮೊದಲ ಪರೀಕ್ಷೆ. ಹೈಸ್ಕೂಲಿಗೆ ಬಂದರೆ ಹಾಸ್ಟೆಲು, ಇಲ್ಲವೇ ನೆಂಟರ ಮನೆ. ಓದು ಬಿಟ್ಟರೆ ಗೋವೆಯ ಕೆಲಸ. ಹದಿನಾರರ ಹುಡುಗಿಗೆ 'ಧೈರ್ಯ ಕಳಕೋಬ್ಯಾಡವ್ವಾ' ಅನ್ನುವಾಗ ಅವಳ ಊರಿಗೆ ಕೊನೆಯ ಬಸ್ಸು ಎಷ್ಟಕ್ಕೆ, ಹಾಸ್ಟೆಲಿನಲ್ಲಿ ಜಾಗ ಸಿಗುತ್ತದೆಯೇ, ನರ್ಸಿಂಗ್ ಅಥವಾ ಐಟಿಐ ಅರ್ಜಿಗೆ ಕೊನೆಯ ದಿನ ಯಾವುದು ಎಂಬುದು ಹೇಳುವವರಿಗೆ ಗೊತ್ತಿರಬೇಕು. ಇದು ಸಮಾಲೋಚನೆಯ ಪಠ್ಯದಲ್ಲಿ ಇಲ್ಲದಿರಬಹುದು. ನಾನು ಕಂಡ ಒಳ್ಳೆಯ ವಾರ್ಡನ್ ಒಬ್ಬರ ಮೇಜಿನ ಮೇಲೆ ಬಸ್ಸಿನ ವೇಳಾಪಟ್ಟಿ ಮತ್ತು ವಿದ್ಯಾರ್ಥಿವೇತನದ ಅರ್ಜಿಗಳು ಯಾವಾಗಲೂ ಇರುತ್ತಿದ್ದವು. ಮಕ್ಕಳು ಅರ್ಜಿ ಕೇಳುವ ನೆಪದಲ್ಲಿ ಬಂದು ಬಹಳ ಹೊತ್ತು ಕೂರುತ್ತಿದ್ದರು.

2025ರ ಜುಲೈ 25ರಂದು ಸುಪ್ರೀಂ ಕೋರ್ಟು, ವಿಶಾಖಪಟ್ಟಣದಲ್ಲಿ ತೀರಿಹೋದ ವಿದ್ಯಾರ್ಥಿನಿಯೊಬ್ಬಳ ತಂದೆಯ ಮೊಕದ್ದಮೆಯಲ್ಲಿ, ಮಾನಸಿಕ ಆರೋಗ್ಯ ಬದುಕುವ ಹಕ್ಕಿನ ಭಾಗ ಎಂದು ಹೇಳಿ ಹದಿನೈದು ಮಾರ್ಗಸೂಚಿಗಳನ್ನು ಕೊಟ್ಟಿತು. ಸರಕಾರಿ, ಖಾಸಗಿ ಶಾಲೆ ಕಾಲೇಜು, ಕೋಚಿಂಗ್ ಕೇಂದ್ರ, ಹಾಸ್ಟೆಲು, ಎಲ್ಲಕ್ಕೂ ಅವು ಅನ್ವಯ. ಅಂಕದ ಮೇಲೆ ಮಕ್ಕಳನ್ನು ಬೇರೆ ಬೇರೆ ತಂಡ ಮಾಡಬಾರದು, ಎಲ್ಲರೆದುರು ನಾಚಿಸಬಾರದು, ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿದ್ದರೆ ಅರ್ಹ ಸಮಾಲೋಚಕರೊಬ್ಬರು ಇರಲೇಬೇಕು. ಹತ್ತು ಶಾಲೆಗೆ ಒಬ್ಬರು ಎಂಬಲ್ಲಿಂದ ಇಲ್ಲಿಗೆ ಬರಲು ದೇಶಕ್ಕೆ ಸುಮಾರು ಅರವತ್ತು ವರ್ಷ ಹಿಡಿಯಿತು.

ನೂರಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕು ಎನ್ನುತ್ತದೆ ಅದೇ ಮಾರ್ಗಸೂಚಿ. ಹಿಂಡಲಗಾದಿಂದ ನಗರಕ್ಕೆ ಹೋಗುವ ಮಕ್ಕಳ ಶಾಲೆಗಳು ಹೆಚ್ಚಾಗಿ ನೂರು ದಾಟಿದ ಗುಂಪಿಗೆ ಸೇರುತ್ತವೆ. ಜಾಂಬೋಟಿ, ಕಣಕುಂಬಿ ಕಡೆಯ ಕಾಡಂಚಿನ ಚಿಕ್ಕ ಚಿಕ್ಕ ಶಾಲೆಗಳು ನೂರರೊಳಗಿನ ಗುಂಪಿಗೆ. ಆ ಶಾಲೆಗಳಿಗೆ 'ಹೊರಗಿನ ತಜ್ಞರು' ಅಂದರೆ ಮಂಗಳವಾರ ಖಾನಾಪುರದ ಆಸ್ಪತ್ರೆಗೆ ಬರುವ ವೈದ್ಯರು, ಬೆಳಗಾವಿಯ ಯುವ ಸ್ಪಂದನ ಕೇಂದ್ರ, 14416, ಇಷ್ಟೇ. ಹಳ್ಳಿಯಲ್ಲಿ ಮೊಬೈಲು ಸಿಗ್ನಲ್ ಸಿಗದಿದ್ದರೆ ಅದರಲ್ಲೂ ಒಂದು ಕಡಿಮೆ. ಹತ್ತು ಚಿಕ್ಕ ಶಾಲೆಗಳನ್ನು ಸೇರಿಸಿ ಒಬ್ಬ ಸಮಾಲೋಚಕರನ್ನು, ಮರಾಠಿಯೂ ಕನ್ನಡವೂ ಬಲ್ಲ ಅದೇ ತಾಲ್ಲೂಕಿನ ಒಬ್ಬ ಅಕ್ಕನನ್ನೋ ಅಣ್ಣನನ್ನೋ, ನೇಮಿಸುವುದಕ್ಕೆ ಹೊಸ ಕಾನೂನು ಬೇಕಿಲ್ಲ. ಕೊಠಾರಿ ಆಯೋಗದ ಆ ಒಂದು ಸಾಲನ್ನು ತೆಗೆದು ಜಿಲ್ಲಾ ಪಂಚಾಯಿತಿಯ ಸಭೆಯಲ್ಲಿ ಓದಿದರೆ ಸಾಕು. ಮುಂದಿನ ಫಲಿತಾಂಶ ಬರುವುದು ಏಪ್ರಿಲ್–ಮೇ ಹೊತ್ತಿಗೆ. ಕಣಕುಂಬಿಯಲ್ಲಿ ಮಳೆ ಹಿಡಿಯುವ ಮೊದಲು.